ಮಾತು ನಿಲ್ಲುತ್ತಿದ್ದ ಜಾಗ

ಮಾರ್ಚ್ 3, ಸೋಮವಾರ

ಈ ಮನೆಯಲ್ಲಿ ಜಗಳವಾಡಲು ಈಗ ಜನವಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ತಮ್ಮನಿಗೆ ಪಾರ್ಶ್ವವಾಯು ಬಡಿದು ಎರಡು ತಿಂಗಳಾಯಿತು. ಕಾಲಿನ ಬಲ ಮುಕ್ಕಾಲು ಪಾಲು ಬಂದಿದೆ, ಬಲಗೈ ಅರ್ಧ ಬಂದಿದೆ, ಮಾತು ಮಾತ್ರ ಬಂದಿಲ್ಲ. ಜೀವಮಾನವೆಲ್ಲ ಹರಾಜು ಕೂಗಿದ ಗಂಟಲು ಅದು. ಕಾಲು ಮುರಿದ ಮೇಜು, ಮುಚ್ಚಿಹೋದ ಹೋಟೆಲಿನ ಪಾತ್ರೆ, ಓಡದ ಗಡಿಯಾರ, ಎದುರಿಗೆ ಏನಿಟ್ಟರೂ ಅದಕ್ಕೊಂದು ಕಥೆ ಕಟ್ಟಿ ಮಾರಿಬಿಡುತ್ತಿದ್ದ. ಈಗ ನೀರು ಬೇಕಾದರೆ ಲೋಟ ತೋರಿಸುತ್ತಾನೆ.

ಇವತ್ತು ಆಸ್ಪತ್ರೆಯ ಮಾತಿನ ಟೀಚರ್ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಅವರ ಹುದ್ದೆಗೆ ಏನೋ ಉದ್ದದ ಹೆಸರಿದೆ, ನನ್ನ ನಾಲಿಗೆಗೆ ಹತ್ತುವುದಿಲ್ಲ.

"ನೋಡಿ ಅಮ್ಮ, ಏಪ್ರಿಲ್ ಮಧ್ಯದಲ್ಲಿ ಒಂದು ಪರೀಕ್ಷೆ ಮಾಡ್ತೀನಿ. ಮಾತು ಮುಂದಕ್ಕೆ ಹೋಗ್ತಿದೆ ಅನ್ಸಿದ್ರೆ ಕ್ಲಾಸು ಮುಂದುವರಿಸೋಣ. ಇಲ್ಲಾಂದ್ರೆ ಚಿತ್ರದ ಹಲಗೆ ಕೊಡ್ತೀವಿ. ಬೇಕಾದ ಚಿತ್ರ ಮುಟ್ಟಿ ತೋರಿಸಿದ್ರಾಯ್ತು."

"ಅಂದ್ರೆ ಮಾತಿನ ಆಸೆ ಬಿಡೋದಾ?"

"ಹಾಗಲ್ಲ. ಆದ್ರೆ ಹೊರಗೆ ಕಾಯ್ತಾ ಇರೋರು ಬಹಳ ಜನ. ನಾನು ಒಬ್ಬಳೇ."

ಅಲ್ಲಿಯವರೆಗೆ ದಿನವೂ ಮನೆಯಲ್ಲಿ ಪಾಠ ಮಾಡಿಸಬೇಕು. ಆಸ್ಪತ್ರೆಯ ವೆಬ್‌ಸೈಟಿನಲ್ಲಿ ವಿಡಿಯೋಗಳಿವೆಯಂತೆ. ಒಬ್ಬ ಹೆಂಗಸು ನಿಧಾನವಾಗಿ ಒಂದೊಂದು ಮಾತು ಹೇಳುತ್ತಾಳೆ, ಇವನು ಅವಳ ತುಟಿ ನೋಡಿಕೊಂಡು ಹಾಗೇ ಹೇಳಬೇಕು. ಬಸ್ಸಿನಲ್ಲಿ ಬರುವಾಗ ತಮ್ಮ ನನ್ನ ತೋಳು ಹಿಡಿದು "ಕ... ಕ..." ಅಂದ. "ಕಾಫಿ ತಾನೇ, ಮನೆಗೆ ಹೋದ ತಕ್ಷಣ ಮಾಡ್ತೀನಿ ಬಿಡು" ಎಂದೆ. ತಲೆ ಅಲ್ಲಾಡಿಸಿ ಮತ್ತೆ ಶುರು ಮಾಡಿದ. "ಗೊತ್ತಾಯ್ತು ಮಾರಾಯ, ಕಾಲು ನೋಯ್ತಿದೆ" ಎಂದೆ. ಆಮೇಲೆ ಕಿಟಕಿಯ ಕಡೆ ತಿರುಗಿದವನು ಇಳಿಯುವವರೆಗೂ ಈ ಕಡೆ ನೋಡಲಿಲ್ಲ.

ಮಾರ್ಚ್ 5, ಬುಧವಾರ

ಕಾಫಿಯೂ ಅಲ್ಲ, ಕಾಲೂ ಅಲ್ಲ. ಕನ್ನಡಕ. ಆಸ್ಪತ್ರೆಯ ಬೆಂಚಿನ ಮೇಲೆ ಮರೆತು ಬಂದಿದ್ದೆವು. ಇವತ್ತು ಹೋಗಿ ತಂದೆ. ಇದನ್ನು ಕೈಸನ್ನೆಯಲ್ಲಿ ಹೇಳಿದ್ದರೆ ಆಗುತ್ತಿರಲಿಲ್ಲವೇ? ಇಲ್ಲ, ಬಾಯಲ್ಲೇ ಹೇಳುತ್ತೇನೆಂಬ ಹಠ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಪಾಠದ ವಿಡಿಯೋ ಫೋನಿನಲ್ಲಿ ತೆರೆಯಲೇ ಇಲ್ಲ. ಮನೆಯಲ್ಲೊಂದು ಕಂಪ್ಯೂಟರ್ ಇದೆ, ಹರಾಜಿನಲ್ಲಿ ಯಾರೂ ಕೇಳದೆ ಉಳಿದದ್ದನ್ನು ತಮ್ಮನೇ ಹೊತ್ತು ತಂದಿದ್ದ. ಅದರಲ್ಲಿ ತೆರೆದರೆ, ಈ ವಿಡಿಯೋ ನೋಡಲು ಬ್ರೌಸರಿಗೆ ಪ್ಲಗಿನ್ ಎಂಬ ಒಂದು ತುಣುಕು ಹಾಕಿಕೊಳ್ಳಿ ಎಂದು ಬಂತು. ಹಾಕಿದೆ. ಅದು ಇಳಿದುಕೊಳ್ಳುವಷ್ಟರಲ್ಲಿ ಎರಡು ರವಿಕೆಗೆ ತೋಳು ಕೂಡಿಸಿದೆ. ಕೊನೆಗೂ ಹೆಂಗಸು ಕಾಣಿಸಿಕೊಂಡಳು. ಕಂಪ್ಯೂಟರಿನ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆ. ಮಾಡಿಕೊಳ್ಳಲಿ. ತಮ್ಮನನ್ನು ಅದರ ಮುಂದೆ ಕೂರಿಸಿ ಬಂದು ಹೊಲಿಗೆ ಮುಗಿಸಿದೆ. ಗೋಡೆಯಾಚೆ ಅವನು ಹೇಳುವುದು ಕೇಳಿಸುತ್ತಲೇ ಇರುತ್ತದೆ, ನಾನು ಎದುರಿಗೆ ಕೂತು ಏನು ಮಾಡಬೇಕಾಗಿದೆ?

ಮಾರ್ಚ್ 9, ಭಾನುವಾರ

ತಮ್ಮನ ಮಗಳು ಫೋನ್ ಮಾಡಿದ್ದಳು. ಬೇರೆ ಊರಿನಲ್ಲಿ ನರ್ಸ್ ತರಬೇತಿಯಲ್ಲಿದ್ದಾಳೆ, ಭಾನುವಾರಕ್ಕೊಮ್ಮೆ ಬಿಡುವು. ತಾಯಿಯಿಲ್ಲದ ಹುಡುಗಿ, ಅಪ್ಪನ ಧ್ವನಿಗೆ ಹಂಬಲಿಸುತ್ತಾಳೆ.

"ಅಪ್ಪಾ, ಊಟ ಆಯ್ತಾ?" ಅಂದಳು. ಸ್ಪೀಕರ್ ಹಾಕಿದ್ದೆ. "ಆಯ್ತು, ಎರಡು ಸಲ ಹಾಕಿಸ್ಕೊಂಡ" ಎಂದೆ. "ಅಪ್ಪಾ, ಕೈ ಹೇಗಿದೆ?" "ಪರವಾಗಿಲ್ಲ, ಚಮಚ ಹಿಡೀತಾನೆ." "ಅಪ್ಪಾ, ನಿದ್ದೆ ಬರತ್ತಾ?" "ಗೊರಕೆ ಹೊಡೆದು ನನ್ನ ನಿದ್ದೆ ಕೆಡಿಸ್ತಾನೆ." ಹುಡುಗಿ ನಕ್ಕಳು. ತಮ್ಮ ನಗಲಿಲ್ಲ. ಇವನಿಗೆ ತಮಾಷೆಯೂ ಮರೆತುಹೋಯಿತೋ ಏನೋ.

ಮಾರ್ಚ್ 14, ಶುಕ್ರವಾರ

ಜೀವ ಬಾಯಿಗೆ ಬಂದಿದೆ.

ಕ್ಲಾಸಿನಲ್ಲಿ ಟೀಚರ್ ನೀರಿನ ಲೋಟ ಎತ್ತಿ ತೋರಿಸಿದರು. ತಮ್ಮ "ನೀ" ಎಂದ. ನನಗೆ ಖುಷಿಯಾಯಿತು. ಆದರೆ ಅಲ್ಲಿಗೇ ನಿಂತ. ಬಾಯಿ ತೆರೆದದ್ದು ತೆರೆದ ಹಾಗೇ, ಕಣ್ಣು ಮಿಟುಕಿಸದೆ, ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ ನಿಂತ. ಬಹಳ ಹೊತ್ತಾದ ಮೇಲೆ "ರು" ಬಂತು. ಬಾಗಿಲು ಎನ್ನುವಾಗಲೂ ಹಾಗೇ, ಕುರ್ಚಿ ಎನ್ನುವಾಗಲೂ ಹಾಗೇ. ಟೀಚರ್ ಮುಖ ಚಿಕ್ಕದಾಯಿತು.

"ಈ ತಡೆ ಮೊದಲು ಇರಲಿಲ್ಲ. ಯಾವಾಗಿಂದ ಹೀಗೆ?"

ನನಗೇನು ಗೊತ್ತು? ನಾನು ಕೇಳಿದ್ದು ಗೋಡೆಯಾಚೆಯಿಂದ, ಹೊಲಿಗೆ ಮಷೀನಿನ ಸದ್ದಿನ ಮಧ್ಯೆ. "ಮೂರ್ನಾಲ್ಕು ದಿನ ಇರ್ಬಹುದು" ಎಂದು ಬಾಯಿಗೆ ಬಂದದ್ದು ಹೇಳಿದೆ.

"ಇನ್ನೊಂದು ಸಣ್ಣ ಹೊಡೆತ ಬಿದ್ದಿರಬಹುದಾ ಅಂತ ಅನುಮಾನ. ಸ್ಕ್ಯಾನ್ ಮಾಡಿಸಿಬಿಡೋಣ."

ಹೊರಗೆ ಬರುವಾಗ ತಮ್ಮನ ಹಳೆಯ ಗಿರಾಕಿಯೊಬ್ಬರು ಎದುರಾಗಿ "ಏನ್ ಹರಾಜಪ್ಪ, ಯಾವಾಗ ಮತ್ತೆ ಕೂಗೋದು?" ಎಂದರು. ತಮ್ಮ ಥಟ್ಟನೆ "ಒಂದು ಸಲ, ಎರಡು ಸಲ, ಮೂರನೇ ಸಲ" ಎಂದ, ಒಂದೇ ಉಸಿರಿಗೆ, ಹಳೆಯ ಧ್ವನಿಯಲ್ಲೇ. ನಾನು ಟೀಚರ್ ಕಡೆ ಓಡಿಹೋಗಿ ಹೇಳಿದೆ. ಅವರು ಸಮಾಧಾನವಾಗಿಯೇ ಹೇಳಿದರು: "ಅದು ರೂಢಿ, ಅಮ್ಮ. ಮಗ್ಗಿ ಹೇಳಿದ ಹಾಗೆ. ತಾನೇ ಬರತ್ತೆ. ಬೇಕಾದ್ದನ್ನು ಕೇಳೋದಿದೆಯಲ್ಲ, ಅದು ಮಾತು."

ಮಾರ್ಚ್ 15, ಶನಿವಾರ

ಸ್ಕ್ಯಾನ್ ಆಯಿತು. ವರದಿ ಮಂಗಳವಾರವಂತೆ. ಬರೆಯಲು ಮನಸ್ಸಿಲ್ಲ.

ಮಾರ್ಚ್ 18, ಮಂಗಳವಾರ

ಹೊಸ ಹೊಡೆತ ಏನೂ ಇಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ತಮ್ಮ ತನ್ನ ಸರಿಯಿರುವ ಕೈಯಿಂದ ನನ್ನ ಬೆನ್ನು ತಟ್ಟಿದ. ಯಾರು ಯಾರಿಗೆ ಸಮಾಧಾನ ಮಾಡಬೇಕಿತ್ತೋ.

ಮನೆಗೆ ಬಂದ ಮೇಲೆ ಅವನನ್ನು ಒಬ್ಬನೇ ಬಿಡಲು ಹೆದರಿಕೆಯಾಗಿ ಪಾಠದ ಹೊತ್ತಿಗೆ ನಾನೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ. ಹೆಂಗಸು ಬಂದಳು. ಅವಳ ಮುಖ ಹತ್ತಿರ ಬಂತು, ತುಟಿ ಪರದೆಯ ತುಂಬ ಆಯಿತು. ಫ್ಯಾನಿನ ಸದ್ದು ಏರಿತು. "ನೀ" ಎಂದಳು, ಅಲ್ಲಿಗೇ ಕಲ್ಲಾದಳು. ಚಿತ್ರ ಕದಲದು, ಧ್ವನಿಯೂ ಇಲ್ಲ, ತೆರೆದ ಬಾಯಿ ಹಾಗೇ. ಆಮೇಲೆ ಪರದೆ ಒಮ್ಮೆ ಬೆಚ್ಚಿಬಿದ್ದ ಹಾಗಾಗಿ "ರು" ಎಂದಳು.

ತಮ್ಮನನ್ನು ನೋಡಿದೆ. ಅವನು ಅವಳ ಜೊತೆಗೇ ನಿಂತಿದ್ದ, ಬಾಯಿ ತೆರೆದುಕೊಂಡು, ಕಣ್ಣು ಮಿಟುಕಿಸದೆ. ಅವಳು ಹೊರಟಾಗ ಹೊರಟ.

ಅಯ್ಯೋ ದೇವರೇ. ಟೀಚರ್ ಹೇಳಿದ ತಡೆ ಇವನ ತಲೆಯಲ್ಲಿಲ್ಲ, ಕಂಪ್ಯೂಟರಿನಲ್ಲಿದೆ. ಹೆಂಗಸು ಹೇಳಿದ ಹಾಗೇ ಹೇಳಿ ಎಂದಿದ್ದರಲ್ಲ, ಒಂದಿಷ್ಟೂ ತಪ್ಪದೆ ಹಾಗೇ ಹೇಳಿದ್ದಾನೆ. ನಿಲ್ಲುವುದನ್ನೂ ಮಾತಿನ ಭಾಗ ಎಂದುಕೊಂಡು ಶ್ರದ್ಧೆಯಿಂದ ಕಲಿತಿದ್ದಾನೆ. ನಾನು ಆಚೆ ಕೋಣೆಯಲ್ಲಿ ಕಾಜಾ ಹೊಲಿಯುತ್ತಿದ್ದೆ.

ಮಾರ್ಚ್ 19, ಬುಧವಾರ

ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ಅದರ ಮುಚ್ಚಳ ಬಿಚ್ಚಿ ನೋಡಿ ಕನಿಕರದ ಮುಖ ಮಾಡಿದ.

"ಅಮ್ಮಾ, ಈ ಪ್ಲಗಿನ್ನಿದೆಯಲ್ಲ, ಭಾರೀ ಹೊಟ್ಟೆಬಾಕ. ಮೆಮೊರಿ ಎಲ್ಲ ಅದೇ ನುಂಗತ್ತೆ. ನಿಮ್ಮದು ಮುದಿ ಎತ್ತು, ಎಳೆಯೋಕೆ ಲಾರಿ ಕಟ್ಟಿದೀರ. ಹೊಸ ಮಷೀನ್ ತಗೊಂಡ್ಬಿಡಿ."

ಹೊಸದು ಎನ್ನುವುದು ಈಗ ಆಗದ ಮಾತು. "ಎತ್ತು ಬದಲಾಯಿಸೋಕೆ ಆಗಲ್ಲಪ್ಪ, ಲಾರಿ ಬದಲಾಯಿಸು" ಎಂದೆ.

"ಹಗುರದವು ಇರ್ತವೆ. ಓಪನ್ ಸೋರ್ಸ್ ಅಂತಾರೆ. ಜನ ತಾವೇ ಬರೆದು ಸುಮ್ನೆ ಹಂಚ್ತಾರೆ. ನಾನು ಅದಕ್ಕೆ ಕೈ ಹಾಕಲ್ಲ, ಕೆಟ್ಟರೆ ಬೈಸ್ಕೊಳ್ಳೋನು ನಾನೇ."

ಸರಿ, ಯಾರೂ ಬೈಯದವಳು ನಾನೊಬ್ಬಳಿದ್ದೇನಲ್ಲ, ನಾನೇ ಕೈ ಹಾಕುತ್ತೇನೆ. ಟೀಚರಿಗೂ ಫೋನ್ ಮಾಡಿ ಹೇಳಿದೆ. ಅವರು "ಆ ವಿಡಿಯೋ ಬಿಟ್ಟು ಬೇರೆ ಇಲ್ಲ ನಮ್ಮ ಹತ್ರ. ಆದ್ರೆ ಕಲಿತ ತಡೆ ಬಿಡಿಸೋದು ಕಷ್ಟ ಅಮ್ಮ, ಪರೀಕ್ಷೆ ಮುಂದಕ್ಕೆ ಹಾಕೋಕೂ ಆಗಲ್ಲ" ಎಂದರು.

ಮಾರ್ಚ್ 23, ಭಾನುವಾರ

ಸುಮ್ಮನೆ ಹಂಚುವ ಹಗುರದ ಪ್ಲೇಯರು ಎರಡು ಹಾಕಿ ನೋಡಿದ್ದಾಯಿತು.

ಮೊದಲನೆಯದು ಗರಿಯಷ್ಟು ಹಗುರ, ಫ್ಯಾನು ಉಸಿರೆತ್ತಲಿಲ್ಲ. ಹೆಂಗಸಿನ ಧ್ವನಿ ಗಂಟೆ ಬಾರಿಸಿದ ಹಾಗೆ ಬಂತು. ಚಿತ್ರ ಮಾತ್ರ ಇಲ್ಲ, ಕಪ್ಪು ಗೋಡೆ. ತುಟಿಯೇ ಕಾಣದ ಮೇಲೆ ಪಾಠವೇನು ಬಂತು? ಎರಡನೆಯದರಲ್ಲಿ ಚಿತ್ರ ಬಂತು, ಆದರೆ ತುಟಿ ಮುಂದೆ, ಧ್ವನಿ ಹಿಂದೆ. ಅವಳು ಬಾಯಿ ಮುಚ್ಚಿದ ಮೇಲೆ ಮಾತು ಬರುತ್ತದೆ. ತಮ್ಮ ಅದನ್ನೂ ಕಲಿಯಲು ಹೊರಟ, ಗಾಬರಿಯಿಂದ ವೈರೇ ಕಿತ್ತೆ.

ಇವುಗಳ ವಿಷಯ ಓದುತ್ತ ಕೂತರೆ ತಲೆ ಕೆಡುತ್ತದೆ, ಮನಸ್ಸಿಗೆ ಮಾತ್ರ ಏನೋ ಒಂಥರ ಆಗುತ್ತದೆ. ಬಟ್ಟೆಯ ಜೊತೆಗೆ ಅದನ್ನು ಕತ್ತರಿಸಿದ ಕಾಗದದ ಅಳತೆಯನ್ನೂ ಕೊಟ್ಟುಬಿಡುತ್ತಾರೆ ಈ ಜನ. ಬೇಕಾದವರು ಬಿಚ್ಚಿ ನೋಡಲಿ, ತಂತಮ್ಮ ಮೈಗೆ ತಕ್ಕ ಹಾಗೆ ಹಿಡಿಯಲಿ, ಬಿಡಲಿ ಎಂದು. ನಾನು ನನ್ನ ಕಾಲರಿನ ಅಳತೆಯನ್ನು ಇಂದಿಗೂ ಯಾರಿಗೂ ತೋರಿಸಿಲ್ಲ.

ತಮ್ಮನ ಮಗಳು ಫೋನ್ ಮಾಡಿದಳು. ನಾನು ಈ ಪ್ಲೇಯರುಗಳ ಪೇಚಾಟದಲ್ಲಿದ್ದೆ, ಫೋನನ್ನು ಅವನ ಕೈಗೆ ಕೊಟ್ಟು ಕೂತೆ.

ಮಾರ್ಚ್ 27, ಗುರುವಾರ

ಸಿಕ್ಕಿತು.

ಒಂದು ಚರ್ಚೆಯ ತಾಣದಲ್ಲಿ ನನ್ನ ಕಷ್ಟ ಬರೆದು ಹಾಕಿದ್ದೆ: ಹಳೆಯ ಮಷೀನು, ತುಟಿ ಕಾಣಬೇಕು, ಧ್ವನಿ ಜೊತೆಗಿರಬೇಕು, ನಿಲ್ಲಬಾರದು. ಯಾರೋ ಪುಣ್ಯಾತ್ಮರು ಉತ್ತರ ಕೊಟ್ಟಿದ್ದಾರೆ. ವಿಡಿಯೋವನ್ನು ಬ್ರೌಸರಿನೊಳಗೆ ಓಡಿಸಲೇಬೇಡಿ, ಹೊರಗೆ ತನ್ನಿ, ಎಂದು. ಬ್ರೌಸರಿಗೆ ಒಂದು ಚಿಕ್ಕ ತುಣುಕು ಸೇರಿಸಬೇಕು, ಅದರ ಕೆಲಸ ಇಷ್ಟೇ: ವಿಡಿಯೋವಿನ ವಿಳಾಸ ಎತ್ತಿ ಹೊರಗಿರುವ ಒಂದು ಪುಟ್ಟ ಪ್ಲೇಯರಿನ ಕೈಗೆ ದಾಟಿಸುವುದು. ಆ ಪ್ಲೇಯರಿಗೆ ಒಂದು ಗುಂಡಿ ಸಹ ಇಲ್ಲ, ಎಲ್ಲ ಕೀಬೋರ್ಡಿನಲ್ಲೇ. ಬಡವರ ಮನೆಯ ಹಾಗೆ ಖಾಲಿ, ಚೊಕ್ಕಟ. ಹೆಂಗಸು ಬಂದಳು, ಹತ್ತಿರವಾದಳು, "ನೀರು" ಎಂದಳು. ನಿಲ್ಲಲಿಲ್ಲ. ಫ್ಯಾನು ಇದೆಯೋ ಇಲ್ಲವೋ ತಿಳಿಯದಷ್ಟು ಸಣ್ಣ ಸದ್ದು.

ಆದರೆ ತಮ್ಮ ನಿಂತ. ಅವಳು ದಾಟಿ ಹೋದಳು, ಇವನು "ನೀ"ಯಲ್ಲೇ ಉಳಿದ. ಮತ್ತೆ ಹಾಕಿದೆ, ಮತ್ತೆ ಉಳಿದ. "ನೀರು ಕಣೋ, ನೀರು, ಅದರಲ್ಲೇನು" ಎಂದೆ. ಸಿಟ್ಟಿನಿಂದ ಎಡಗೈಯನ್ನು ಕೀಬೋರ್ಡಿನ ಮೇಲೆ ಅಪ್ಪಳಿಸಿದ. ಯಾವ ಕೀ ಒತ್ತಿತೋ, ಹೆಂಗಸಿನ ಮಾತು ನಿಧಾನವಾಯಿತು. ಕೆಟ್ಟುಹೋಯಿತೆಂದು ಸರಿಮಾಡಲು ಕೈ ಹಾಕಿದೆ. ತಮ್ಮ ನನ್ನ ಕೈ ಹಿಡಿದ. ಗಟ್ಟಿಯಾಗಿ ಹಿಡಿದ. ಅವಳ ತುಟಿ ನೀ-ಯಿಂದ ರು-ವಿಗೆ ತಿರುಗುವುದು ಈಗ ಕಾಣುತ್ತಿತ್ತು, ಹೂ ಅರಳಿದ ಹಾಗಲ್ಲ, ಸೂಜಿಗೆ ದಾರ ಪೋಣಿಸಿದ ಹಾಗೆ, ಅಷ್ಟು ನಿಧಾನ, ಅಷ್ಟು ಎಚ್ಚರ. ಅವನು ನೋಡುತ್ತಲೇ ಇದ್ದ. ನಾನೂ ನೋಡಿದೆ.

ಏಪ್ರಿಲ್ 2, ಬುಧವಾರ

ದಿನವೂ ಬೆಳಿಗ್ಗೆ, ಸಂಜೆ ಪಾಠ. ಪ್ಲೇಯರಿನ ವೇಗ ಅರ್ಧಕ್ಕೆ ಇಳಿಸಿದ್ದೇವೆ. ಒಂದೇ ಮಾತನ್ನು ಸುತ್ತಿ ಸುತ್ತಿ ಹಾಕುವ ಕೀ ಕೂಡ ಇದೆ. ಹೊಲಿಗೆ ರಾಶಿ ಬಿದ್ದಿದೆ. ಪಕ್ಕದ ಬೀದಿಯ ಗಿರಾಕಿ ಬಂದು "ಏನ್ ಟೈಲರಮ್ಮ, ಮೊದಲೆಲ್ಲ ನಾನು ಬಾಗಿಲು ದಾಟೋದ್ರೊಳಗೆ ನೂರು ಮಾತಾಡ್ತಿದ್ರಿ, ಇವತ್ತು ಬಾಯಿ ಬಿಡದೆ ಬಟ್ಟೆ ಕೊಟ್ಟು ಕಳಿಸ್ತಾ ಇದೀರಲ್ಲ" ಎಂದಳು. ಪಾಠದ ಹೊತ್ತಾಗಿತ್ತು, ಇನ್ನೇನು ಮಾಡಲಿ.

ಬಾಗಿಲು ಸರಿಯಾಗಿದೆ. ನೀರು ಹತ್ತಕ್ಕೆ ಆರು ಸಲ ನಿಲ್ಲದೆ ಬರುತ್ತದೆ. ಕುರ್ಚಿಯಲ್ಲಿ ಇನ್ನೂ ಸಿಕ್ಕಿಹಾಕಿಕೊಳ್ಳುತ್ತಾನೆ.

ಏಪ್ರಿಲ್ 6, ಭಾನುವಾರ

ಮಗಳ ಫೋನ್. "ಅಪ್ಪಾ, ಏನ್ ಮಾಡ್ತಿದ್ದೆ?" ಎಂದಳು. ತಮ್ಮ ಫೋನಿನ ಕಡೆ ಬಗ್ಗಿದ. ನಾನು ಗುಂಡಿ ಬಿಚ್ಚುತ್ತ ಕೂತಿದ್ದೆ. ಅವನ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಆ ಕಡೆ ಹುಡುಗಿಗೆ ಗಾಬರಿ. "ಹಲೋ? ಅತ್ತೆ? ಲೈನ್ ಕಟ್ ಆಯ್ತಾ?"

"ಇಲ್ಲ, ಇದೆ. ಇರು."

ಬೀದಿಯಲ್ಲಿ ಒಂದು ಗಾಡಿ ಹೋಯಿತು, ಇನ್ನೊಂದು ಹೋಯಿತು. "ಪಾ... ಪಾಠ" ಎಂದ ತಮ್ಮ. ಆ ಕಡೆಯಿಂದ ಮೂಗು ಸೇದುವುದು ಕೇಳಿಸಿತು. ಅಳುಮುಂಜಿ ಹುಡುಗಿ. ಪಾಠ ಎಂಬ ಮಾತು ನಮ್ಮ ವಿಡಿಯೋಗಳಲ್ಲಿ ಎಲ್ಲೂ ಇಲ್ಲ, ಹುಡುಕಿ ನೋಡಿದೆ.

ಏಪ್ರಿಲ್ 11, ಶುಕ್ರವಾರ

ಕೆಟ್ಟ ದಿನ. ನಿನ್ನೆ ಬಂದ ಮಾತು ಇವತ್ತು ಬರಲಿಲ್ಲ. ನೀರು ಹೋಯಿತು, ಬಾಗಿಲು ಹೋಯಿತು. ತಮ್ಮ ಪರದೆಗೆ ಬೆನ್ನು ತಿರುಗಿಸಿ ಕೂತ. ಹರಾಜು ಕಟ್ಟೆಯವರು ಬೇರೊಬ್ಬನನ್ನು ಕೂಗಲು ಇಟ್ಟುಕೊಂಡಿದ್ದಾರೆಂದು ಯಾರೋ ಬೆಳಿಗ್ಗೆ ಬಂದು ಹೇಳಿ ಹೋಗಿದ್ದರು. ಹೇಳಲು ಬೇರೆ ಹೊತ್ತೇ ಸಿಗಲಿಲ್ಲ ಆ ಮನುಷ್ಯನಿಗೆ.

ನನಗೂ ಸಾಕಾಗಿದೆ. ಇದನ್ನು ಇಲ್ಲಲ್ಲದೆ ಎಲ್ಲಿ ಹೇಳಲಿ? ಸೋಮವಾರ ಪರೀಕ್ಷೆ. ಆ ಚಿತ್ರದ ಹಲಗೆ ಕೊಟ್ಟುಬಿಟ್ಟರೆ ಇವನು ಜೀವನಪೂರ್ತಿ ಲೋಟದ ಚಿತ್ರ ಮುಟ್ಟುತ್ತಾನೆ. ದುಃಖವಾದರೆ ಯಾವ ಚಿತ್ರ ಮುಟ್ಟುತ್ತಾನೆ? ನನಗೆ ಭಯವಾಗುತ್ತಿದೆ. ಸಂಜೆಯವರೆಗೂ ಅವನ ಬೆನ್ನ ಹಿಂದೆ ಸುಮ್ಮನೆ ಕೂತಿದ್ದೆ. ದೀಪ ಹಾಕುವ ಹೊತ್ತಿಗೆ ಅವನೇ ತಿರುಗಿ ಕೂತು ಕೀ ಒತ್ತಿದ.

ಏಪ್ರಿಲ್ 14, ಸೋಮವಾರ

ಪರೀಕ್ಷೆ ಮುಗಿಯಿತು. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ಟೀಚರ್ ಚಿತ್ರಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ನೀರು ಬಂತು. ಬಾಗಿಲು ಬಂತು. ಕುರ್ಚಿ ಮುಗ್ಗರಿಸಿ ಬಂತು. ಛತ್ರಿ ಬರಲೇ ಇಲ್ಲ. ಬೆಕ್ಕು ಬರಲಿಲ್ಲ, ನಾಯಿ ಬಂತು. ಟೀಚರ್ ಪೆನ್ನು ಅಲ್ಲಿ ಇಲ್ಲಿ ಗುರುತು ಹಾಕುತ್ತಿತ್ತು. ಆಮೇಲೆ ಕತ್ತರಿಯ ಚಿತ್ರ ಇಟ್ಟರು.

ನಮ್ಮ ಮನೆಯಲ್ಲಿ ಅವನು ಹುಟ್ಟಿದಾಗಿನಿಂದ ನೋಡಿದ ವಸ್ತು. "ಕ" ಎಂದ. ನಿಂತ. ಪರದೆಯ ಹೆಂಗಸಿನ ಹಾಗೆ ನಿಂತದ್ದಲ್ಲ ಇದು, ನನಗೆ ವ್ಯತ್ಯಾಸ ಗೊತ್ತು. ಆಗ ಮುಖ ಕಲ್ಲಾಗುತ್ತಿತ್ತು. ಈಗ ತುಟಿ ಒಳಗೊಳಗೇ ಹುಡುಕುತ್ತಿತ್ತು, ನಾಲಿಗೆಯ ತುದಿ ಹಲ್ಲಿಗೆ ತಾಗಿ ಹಿಂದೆ ಸರಿಯುತ್ತಿತ್ತು. ಹೊರಗೆ ಯಾರದೋ ಹೆಸರು ಕರೆದರು. ಮುಂದಿನವರು ಬಾಗಿಲಲ್ಲಿ ಇಣುಕಿದರು. ಟೀಚರ್ ಗಡಿಯಾರ ನೋಡಿ ಪೆನ್ನೆತ್ತಿದರು.

"ತಾಳಿ ಮೇಡಂ" ಎಂದೆ.

"ಸಮಯ ಆಯ್ತಮ್ಮ."

"ಬರ್ತಾ ಇದೆ. ತಾಳಿ."

ಅವರು ನನ್ನನ್ನು ನೋಡಿದರು, ಪೆನ್ನು ಕೆಳಗಿಟ್ಟರು. ಮೂವರೂ ಕೂತೆವು. "ತ್ತ" ಬಂತು. ಆಮೇಲೆ "ರಿ" ಬಂತು. ಆಮೇಲೆ ಯಾರೂ ಕೇಳದೆ, ನನ್ನ ಕಡೆ ಕೈ ತೋರಿಸಿ, "ಅಕ್ಕಂದು" ಎಂದ.

ಟೀಚರ್ ಕಾಗದದ ಮೇಲೆ ಬಹಳ ಹೊತ್ತು ಬರೆದರು. ಹರಾಜು ಕೂಗುವ ಕೆಲಸಕ್ಕೆ ಮರಳುವುದು ಕನಸೇ ಸರಿ, ಅದನ್ನು ಈಗಲೇ ಹೇಳಿಬಿಡುತ್ತೇನೆ, ಎಂದರು. ತಮ್ಮ ತಲೆಯಾಡಿಸಿದ, ಮೊದಲೇ ಗೊತ್ತಿದ್ದವನ ಹಾಗೆ. "ಆದ್ರೆ ಹಲಗೆ ಬೇಡ. ಕ್ಲಾಸಿಗೆ ಬನ್ನಿ. ನೀವು ಹೇಳಿದ ಆ ಪ್ಲೇಯರ್ ಹೆಸರು ಬರೆದು ಕೊಡಿ ಅಮ್ಮ, ಬೇರೆಯವರಿಗೂ ಹೇಳ್ತೀನಿ."

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಖುಷಿಪಡಬೇಕೋ ಅಳಬೇಕೋ ಇಬ್ಬರಿಗೂ ತಿಳಿಯಲಿಲ್ಲ.

ಏಪ್ರಿಲ್ 20, ಭಾನುವಾರ

ಮಧ್ಯಾಹ್ನ ಚಹಾ ಮಾಡಿ ಇಬ್ಬರೂ ಕಿಟಕಿಯ ಹತ್ತಿರ ಕೂತಿದ್ದೆವು. ಪಾಠದ ಹೊತ್ತಲ್ಲ, ಕಂಪ್ಯೂಟರ್ ಆರಿತ್ತು. ತಮ್ಮ ಲೋಟ ಕೆಳಗಿಟ್ಟು "ಅಕ್ಕ" ಎಂದ. ನೋಡಿದೆ. ತುಟಿ ಹುಡುಕಲು ಶುರುಮಾಡಿತು. ನನ್ನ ಚಹಾ ಮುಗಿಯಿತು. ಅವನದು ಕೆನೆಗಟ್ಟಿತು.

"ಯಾಕೆ... ಮಾತಾ... ಡಲ್ಲ?"

ಯಾರು, ನಾನಾ? ನನಗೆ ನಗು ಬಂತು. ಸಂತೆಗೇ ಸಾಕಾಗುವಷ್ಟು ಬಾಯಿ ನನ್ನದು, ಈ ಬೀದಿಗೆಲ್ಲ ಗೊತ್ತು. ಇವನಿಗೆ ಕಾಯಿಲೆ ಬಂದು ತಲೆ ಮಂಕಾಗಿದೆ, ಅಷ್ಟೇ. ಬೆಳಿಗ್ಗೆಯಿಂದ ಏನೆಲ್ಲ ಮಾತಾಡಿದೆನೆಂದು ಅವನಿಗೆ ಎಣಿಸಿ ಹೇಳಲು ಹೊರಟೆ. ನೆನಪು ಮಾಡಿಕೊಂಡೆ. ನಿನ್ನೆಯದನ್ನೂ ನೆನಪು ಮಾಡಿಕೊಂಡೆ, ಎರಡೂ ಸೇರಿ ಬೆರಳೆಣಿಕೆ ದಾಟಲಿಲ್ಲ. ಬಾಯಿ ತೆರೆದೆ.

ತಮ್ಮ ಅವಸರ ಮಾಡಲಿಲ್ಲ. ನನ್ನ ತುಟಿಯನ್ನೇ ನೋಡುತ್ತ ಕಾದ.